ರಿಂಗ್ ತಿರುಗಿಸುವ ಮೊದಲು ತೂಕದ ಚೀಟಿ

ತುಮಕೂರಿನಲ್ಲಿ ಗ್ಯಾರೇಜ್ ಹುಡುಗರು ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ

ಹೋದ ತಿಂಗಳು ಒಬ್ಬ ಹುಡುಗ ನನ್ನ ಶೆಡ್ಡಿಗೆ ಬಂದ. ಡಿಪ್ಲೊಮಾ ಕೊನೇ ವರ್ಷ. ಅಪ್ಪನ ಹಳೇ ಸ್ವಿಫ್ಟ್ ಈಗ ಅವನ ಕೈಗೆ ಬಂದಿದೆ. "ಅಣ್ಣ, ಕಾಯ್ಲೋವರ್ ಸೆಟ್ ತಗೊಳ್ಳೋಕೆ ದುಡ್ಡಿಲ್ಲ. ಲೇತ್ ಇದೆ, ವೆಲ್ಡಿಂಗ್ ಮಷೀನ್ ಇದೆ, ನೀವಿದ್ದೀರ. ನಾವೇ ಮಾಡ್ಕೊಂಡ್ಬಿಡೋಣ್ವಾ?" ಅಂದ.

ನಾನು ಕೇಳಿದೆ, "ಈಗ ಕಾರಲ್ಲಿ ಏನು ತೊಂದರೆ?"

"ತೊಂದ್ರೆ ಏನಿಲ್ಲ. ಟಯರ್‌ಗೂ ಫೆಂಡರ್‌ಗೂ ಮಧ್ಯೆ ಗ್ಯಾಪ್ ಜಾಸ್ತಿ."

ನಗಬೇಡಿ. ಇಲ್ಲಿ ಕೂತವರಲ್ಲಿ ಅರ್ಧ ಜನರ ಉತ್ತರ ಇದೇ ಅಂತ ನನಗೆ ಗೊತ್ತು. ನನ್ನದೂ ಒಂದು ಕಾಲದಲ್ಲಿ ಅದೇ ಆಗಿತ್ತು. ಕಾರು ಚೆನ್ನಾಗಿ ಕಾಣಬೇಕು ಅನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಸಲ ಇಳಿಸಿ ಹಾಗೇ ಬಿಡುವುದಾದರೆ ಅಡ್ಜಸ್ಟ್ ಆಗುವ ಸಾಮಾನು ಯಾಕೆ ಬೇಕು? ಅಡ್ಜಸ್ಟ್ ಮಾಡಬೇಕು ಅನ್ನುವವನಿಗೆ ಎಷ್ಟರಿಂದ ಎಷ್ಟಕ್ಕೆ ಅನ್ನುವುದು ಗೊತ್ತಿರಬೇಕು ಅಲ್ವಾ? ಅದು ಗೊತ್ತಾಗಬೇಕಾದರೆ ಅಳೆಯಬೇಕು. ಇವತ್ತಿನ ನನ್ನ ಮಾತೆಲ್ಲ ಈ ಅಳತೆಯ ಸುತ್ತವೇ ಓಡಾಡುತ್ತದೆ.

ಮೊದಲು ಪದಾರ್ಥ ಏನು ಅಂತ ನೋಡೋಣ. ಕಾಯ್ಲೋವರ್ ಅಂದರೆ ಶಾಕ್ ಅಬ್ಸಾರ್ಬರ್ ಸುತ್ತ ಸ್ಪ್ರಿಂಗ್ ಕೂತಿರುವುದು, ಅಷ್ಟೇ. ಆ ಲೆಕ್ಕದಲ್ಲಿ ನಿಮ್ಮ ಕಾರಿನ ಮುಂದಿನ ಸ್ಟ್ರಟ್ಟೂ, ಅಂದರೆ ಚಕ್ರದ ಮೇಲೆ ನಿಂತಿರುವ ಶಾಕ್ ಮತ್ತು ಸ್ಪ್ರಿಂಗ್‌ನ ಕಂಬವೂ, ಕಾಯ್ಲೋವರೇ. ಮ್ಯಾಕ್‌ಫರ್ಸನ್ ಅನ್ನುವ ಇಂಜಿನಿಯರ್ ಹೆಸರಿನ ಈ ಸ್ಟ್ರಟ್ 1950ರ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳಲ್ಲಿ ಬಂತು. ನಮ್ಮಲ್ಲಿ ಮನೆಮನೆಗೆ ತಲುಪಿಸಿದ್ದು ಮಾರುತಿ 800. ಅದಕ್ಕೆ ಮುಂಚಿನ ಅಂಬಾಸಿಡರ್ ಮುಂಭಾಗದಲ್ಲಿ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಸರಳು), ಹಿಂದೆ ಪಟ್ಟಿ ಸ್ಪ್ರಿಂಗ್. ಅಡ್ಜಸ್ಟ್ ಮಾಡುವುದು ನಮ್ಮವರಿಗೆ ಹೊಸದೇನೂ ಅಲ್ಲ. ಲೋಡ್ ಜಾಸ್ತಿ ಹಾಕುವ ಲಾರಿಗೆ ಇನ್ನೊಂದು ಪಟ್ಟಿ ಸೇರಿಸಿಕೊಡುವ ಅಂಗಡಿಗಳು ಹೈವೇ ಉದ್ದಕ್ಕೂ ಇವೆ. ಅವರು ಮಾಡುವುದೂ ಸಸ್ಪೆನ್ಷನ್ ಟ್ಯೂನಿಂಗೇ. ಇಂಗ್ಲಿಷ್ ಹೆಸರು ಹೇಳಿ ಬಿಲ್ಲು ಜಾಸ್ತಿ ಮಾಡಲ್ಲ, ಅಷ್ಟೇ ವ್ಯತ್ಯಾಸ.

ಕಂಪನಿ ಸ್ಟ್ರಟ್‌ನಲ್ಲಿ ಸ್ಪ್ರಿಂಗ್ ಕೂರುವ ತಟ್ಟೆ ಕೊಳವೆಗೆ ವೆಲ್ಡ್ ಆಗಿರುತ್ತದೆ. ಅಡ್ಜಸ್ಟ್ ಆಗುವುದರಲ್ಲಿ ಆ ತಟ್ಟೆ ಥ್ರೆಡ್ ಮೇಲೆ ಕೂತ ರಿಂಗ್ ಆಗಿರುತ್ತದೆ. ಥ್ರೆಡ್ 2 ಮಿ.ಮೀ. ಪಿಚ್ ಇದ್ದರೆ ಒಂದು ಸುತ್ತಿಗೆ 2 ಮಿ.ಮೀ. ಏರುತ್ತದೆ. ಇಲ್ಲೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಅದನ್ನು ಬಿಡಿಸದೆ ಮುಂದೆ ಹೋಗಲ್ಲ.

ರಿಂಗ್ ಮೇಲೆ ತಿರುಗಿಸಿದರೆ ಸ್ಪ್ರಿಂಗ್ ಗಡಸಾಗುತ್ತದೆ ಅಂತ ಎಷ್ಟು ಜನ ಅಂದುಕೊಂಡಿದ್ದೀರ? ಕೈ ಎತ್ತಿ. ನೋಡಿ, ಹತ್ತಕ್ಕೆ ಎಂಟು ಜನ. ಲೆಕ್ಕ ಹಾಕೋಣ. ಒಂದು ಚಕ್ರದ ಮೇಲೆ 250 ಕಿಲೋ ಭಾರ ಇದೆ ಅಂದುಕೊಳ್ಳಿ. ಸ್ಪ್ರಿಂಗ್ 1 ಮಿ.ಮೀ. ಕುಗ್ಗಲು 4 ಕಿಲೋ ಬೇಕು. ಹಾಗಾದರೆ ಕಾರು ನಿಂತಾಗ ಅದು ಎಷ್ಟು ಕುಗ್ಗಿರುತ್ತದೆ? 250 ಭಾಗಿಸು 4, ಅಂದರೆ 62.5 ಮಿ.ಮೀ. ಈಗ ರಿಂಗ್ ಅನ್ನು 10 ಮಿ.ಮೀ. ಮೇಲಕ್ಕೆ ತಿರುಗಿಸಿದಿರಿ. ಕಾರಿನ ತೂಕ ಬದಲಾಯಿತಾ? ಇಲ್ಲ. ಹಾಗಿದ್ದಮೇಲೆ ಸ್ಪ್ರಿಂಗ್ ಈಗಲೂ 62.5 ಮಿ.ಮೀ. ಕುಗ್ಗಿಯೇ ಇರುತ್ತದೆ. ಕಾರು 10 ಮಿ.ಮೀ. ಎದ್ದಿತು, ಅಷ್ಟೇ. ಸ್ಪ್ರಿಂಗ್ ಮೊದಲು ಎಷ್ಟು ಗಡಸೋ ಈಗಲೂ ಅಷ್ಟೇ ಗಡಸು.

"ಇಲ್ಲ ಸಾರ್, ನಾವು ಓಡಿಸಿದಾಗ ಗಡಸಾಗಿತ್ತು" ಅನ್ನುತ್ತೀರಿ. ನಿಮ್ಮ ಬೆನ್ನು ಸುಳ್ಳು ಹೇಳುತ್ತಿಲ್ಲ. ಕಾರು ಎದ್ದಾಗ ಶಾಕ್‌ನ ರಾಡ್ ಅಷ್ಟೇ ಹೊರಗೆ ಬಂದಿರುತ್ತದೆ. ಕೆಳಗೆ ಇಳಿಯಲು ಚಕ್ರಕ್ಕೆ ಉಳಿದ ಜಾಗ ಕಮ್ಮಿ. ಗುಂಡಿ ಬಂದಾಗ ಚಕ್ರ ಗುಂಡಿಯೊಳಕ್ಕೆ ಇಳಿಯುವ ಬದಲು ರಾಡ್‌ನ ತುದಿಗೆ ನೇತು ಬೀಳುತ್ತದೆ. 'ಟಪ್' ಅಂತ ಸದ್ದು. ಅದು ಸ್ಪ್ರಿಂಗ್ ಗಡಸಾದ ಸದ್ದಲ್ಲ, ಜಾಗ ಮುಗಿದ ಸದ್ದು. ಇಳಿಸಿದ ಕಾರಿನಲ್ಲಿ ಇದೇ ಕತೆ ತಲೆಕೆಳಗು. ಮೇಲಕ್ಕೆ ಹೋಗುವ ಜಾಗ ಮುಗಿದು ಬಂಪ್ ಸ್ಟಾಪರ್‌ಗೆ ಗುದ್ದುತ್ತದೆ. ಆ ರಬ್ಬರ್ ತುಂಡೇ ಆಗ ನಿಮ್ಮ ಸ್ಪ್ರಿಂಗು.

ಹಾಗಾದರೆ ಸ್ಪ್ರಿಂಗ್ ಎಷ್ಟು ಗಡಸಿರಬೇಕು? ನಮ್ಮ ಕಡೆ ಮಕ್ಕಳಿಗೆ ಸ್ಪ್ರಿಂಗ್ ಜೋಲಿ ಕಟ್ಟುತ್ತಾರೆ, ನೋಡಿರುತ್ತೀರಿ. ಸೂರಿಗೆ ಕೊಕ್ಕೆ, ಕೊಕ್ಕೆಗೆ ಸ್ಪ್ರಿಂಗ್, ಅದಕ್ಕೆ ಅಜ್ಜಿಯ ಸೀರೆ. ಮೂರು ತಿಂಗಳ ಕೂಸು ಮಲಗಿದರೆ ಜೋಲಿ ಪಟಪಟ ಕುಣಿಯುತ್ತದೆ. ಅದೇ ಕೂಸು ಒಂದು ವರ್ಷಕ್ಕೆ ದಪ್ಪ ಆದಮೇಲೆ ಜೋಲಿ ನಿಧಾನಕ್ಕೆ ಮೇಲೆ ಕೆಳಗೆ ಆಡುತ್ತದೆ. ಸ್ಪ್ರಿಂಗ್ ಅದೇ, ಭಾರ ಬೇರೆ. ಕಾರೂ ಹೀಗೇ. ಸೆಕೆಂಡಿಗೆ ಎಷ್ಟು ಸಲ ಕುಣಿಯಬೇಕು ಅಂತ ಮೊದಲು ನಿರ್ಧರಿಸಬೇಕು. ಸ್ಪ್ರಿಂಗ್ ಆಮೇಲೆ ಬರುತ್ತದೆ. ಮನೆ ಕಾರುಗಳು ಸುಮಾರಾಗಿ 1ರಿಂದ 1.5 ಸಲ. 2 ದಾಟಿದರೆ ರೇಸ್ ಟ್ರ್ಯಾಕಿನ ಕಡೆ ಹೋದಿರಿ ಅಂತ ಅರ್ಥ.

ಇದಕ್ಕೆ ಒಂದು ಸುಲಭದ ಲೆಕ್ಕ ಇದೆ, ಬರೆದುಕೊಳ್ಳಿ. ಕಾರಿನ ಭಾರಕ್ಕೆ ಸ್ಪ್ರಿಂಗ್ ಎಷ್ಟು ಮಿ.ಮೀ. ಕುಗ್ಗಿದೆಯೋ ಅದರ ವರ್ಗಮೂಲ ತೆಗೆಯಿರಿ. 15.8ನ್ನು ಅದರಿಂದ ಭಾಗಿಸಿ. ಬಂದಿದ್ದೇ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಅನ್ನುವ ಲೆಕ್ಕ. ಮಿ.ಮೀ.ಗೆ 2 ಕಿಲೋ ಇರುವ ಸ್ಪ್ರಿಂಗ್ 250 ಕಿಲೋಗೆ 125 ಮಿ.ಮೀ. ಕುಗ್ಗುತ್ತದೆ. ಲೆಕ್ಕ ಮಾಡಿದರೆ 1.4. ಚೆನ್ನಾಗಿದೆ. ಅದೇ ಜಾಗಕ್ಕೆ 4 ಕಿಲೋ ಸ್ಪ್ರಿಂಗ್ ಹಾಕಿದರೆ 2. ಮನೆಯ ಹಿರಿಯರನ್ನು ಕೂರಿಸಿಕೊಂಡು ಸಿದ್ಧಗಂಗೆಗೆ ಹೋಗಿ ಬನ್ನಿ, ಆ 2 ಅಂದರೆ ಏನು ಅಂತ ಅವರೇ ಹೇಳುತ್ತಾರೆ.

ಇದು ಮುಂದಿನ ಸ್ಟ್ರಟ್‌ಗೆ ಹೆಚ್ಚುಕಡಿಮೆ ನೇರವಾಗಿ ಸರಿಹೋಗುತ್ತದೆ. ಸ್ಪ್ರಿಂಗ್ ಚಕ್ರದಿಂದ ಒಳಗೆ, ಚಕ್ರವನ್ನು ಬಾಡಿಗೆ ಜೋಡಿಸುವ ಆರ್ಮ್ ಮೇಲೆ ಕೂತಿದ್ದರೆ ಹಾಗಲ್ಲ. ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗ್ 7 ಮಿ.ಮೀ. ಮಾತ್ರ ಕುಗ್ಗುವ ಕಾರಿದ್ದರೆ, ಚಕ್ರಕ್ಕೆ ತಲುಪುವ ಗಡಸುತನ 0.7 ಗುಣಿಸು 0.7, ಅಂದರೆ 0.49. ಅರ್ಧಕ್ಕರ್ಧ ಹೋಯಿತು! ಬೇರೆ ಕಾರಿನ ಸ್ಪ್ರಿಂಗ್ ನಂಬರ್ ನೋಡಿ ನಿಮ್ಮ ಕಾರಿಗೆ ತರುವವರು ಎಡವುವುದು ಇಲ್ಲೇ.

ಈ 250 ಕಿಲೋ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಕೇಳಬೇಕಿತ್ತು. ರೇಸ್ ಟೀಮ್‌ಗಳು ನಾಲ್ಕು ಚಕ್ರದ ಕೆಳಗೆ ನಾಲ್ಕು ತಕ್ಕಡಿ ಇಡುತ್ತವೆ. ನಮ್ಮಲ್ಲಿ ಎಪಿಎಂಸಿ ಕಡೆ ವೇಬ್ರಿಜ್ ಇದೆ. ಹುಣಸೆಹಣ್ಣಿನ ಲಾರಿ ಇಲ್ಲದ ಹೊತ್ತು ನೋಡಿಕೊಂಡು ಹೋಗಿ. ಮೊದಲು ಪೂರ್ತಿ ಕಾರು ನಿಲ್ಲಿಸಿ. ಆಮೇಲೆ ಮುಂದಿನ ಚಕ್ರ ಮಾತ್ರ ಪ್ಲೇಟ್ ಮೇಲೆ. ಆಮೇಲೆ ಹಿಂದಿನದು ಮಾತ್ರ. ಐದು ಹತ್ತು ಕಿಲೋ ಹೆಚ್ಚುಕಮ್ಮಿ ತೋರಿಸಬಹುದು, ನಮ್ಮ ಕೆಲಸಕ್ಕೆ ಸಾಕು. ಮುಂದಿನ ತೂಕವನ್ನು ಎರಡರಿಂದ ಭಾಗಿಸಿ, ಚಕ್ರ, ಬ್ರೇಕ್, ಹಬ್‌ಗಳ ತೂಕ ಕಳೆಯಿರಿ. ಅವು ಸ್ಪ್ರಿಂಗ್ ಕೆಳಗಿನ ಸಾಮಾನು, ಸ್ಪ್ರಿಂಗ್ ಅವನ್ನು ಹೊರುವುದಿಲ್ಲ. ಆಮೇಲೆ ಕಾರಿನಲ್ಲಿ ಯಾರು ಕೂರುತ್ತಾರೆ ಅಂತ ನೋಡಿ ಸೇರಿಸಿ.

ಈಗ ಶಾಕ್. ಜೋಲಿಗೆ ಶಾಕ್ ಇಲ್ಲ. ಅದಕ್ಕೇ ಅದು ಆಡುತ್ತಲೇ ಇರುತ್ತದೆ, ಕೂಸಿಗೆ ಅದೇ ಬೇಕು. ಕಾರು ಮಾತ್ರ ಒಂದು ಸಲ ಎದ್ದು ಕೂತುಬಿಡಬೇಕು. ಸ್ಪ್ರಿಂಗ್ ಎರಡು ಪಟ್ಟು ಗಡಸು ಮಾಡಿದರೆ ಶಾಕ್‌ನ ಹಿಡಿತ ಸುಮಾರು 1.4 ಪಟ್ಟು ಜಾಸ್ತಿ ಆಗಬೇಕು. ನಿಮ್ಮ ಕಾರಿನ ಹಳೇ ಶಾಕ್ ತನ್ನ ಹಳೇ ಸ್ಪ್ರಿಂಗನ್ನೇ ಹಿಡಿಯಲಾರದೆ ಒದ್ದಾಡುತ್ತಿರುತ್ತದೆ. ಅದರ ಹೆಗಲಿಗೆ ಹೊಸ ಗಡಸು ಸ್ಪ್ರಿಂಗ್ ಹೊರಿಸಿದರೆ ಏನಾಗುತ್ತದೆ?

ಏನಾಗುತ್ತದೆ ಅಂತ ನನಗೆ ಗೊತ್ತು, ಯಾಕೆಂದರೆ ನಾನು ಮಾಡಿದ್ದೇನೆ. ಇಪ್ಪತ್ತು ವರ್ಷದ ಹಿಂದಿನ ಮಾತು. ನನ್ನ ಹತ್ತಿರ ಹಳೇ ಮಾರುತಿ 800 ಇತ್ತು. ಸ್ಟ್ರಟ್‌ನ ತಟ್ಟೆಯನ್ನು ಗ್ರೈಂಡರ್‌ನಲ್ಲಿ ಕತ್ತರಿಸಿ ತೆಗೆದೆ. ಲೇತ್‌ನಲ್ಲಿ ಥ್ರೆಡ್ ಹಾಕಿದ ಕೊಳವೆ ಮಾಡಿಸಿ ಸ್ಟ್ರಟ್ ಮೇಲೆ ತೂರಿಸಿದೆ. ಅದು ಕೆಳಗೆ ಜಾರದಂತೆ ಒಂದು ರಿಂಗ್ ವೆಲ್ಡ್ ಮಾಡಿದೆ. ಸ್ಪ್ರಿಂಗ್ ಗುಜರಿಯಿಂದ ತಂದೆ, ಯಾವುದೋ ವ್ಯಾನಿನದು. ಎಷ್ಟು ಗಡಸು ಅಂತ ಕೇಳಬೇಡಿ. ಕೈಯಲ್ಲಿ ಒತ್ತಿ ನೋಡಿ "ಸರಿಯಾಗಿದೆ" ಅಂದಿದ್ದೆ. ಶಾಕ್ ಮಾತ್ರ ಹಳೇದೇ.

ನೋಡಲು ಏನು ಚೆನ್ನಾಗಿತ್ತು ಅಂತೀರಿ! ಮೂವರು ಗೆಳೆಯರನ್ನು ಕೂರಿಸಿಕೊಂಡು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ದೇವರಾಯನದುರ್ಗಕ್ಕೆ ಹೊರಟೆವು. ಹತ್ತುವಾಗಲೇ ಕಾರು ಪುಟಿಯುತ್ತಿತ್ತು. ಒಂದು ಏಟು ಬಿದ್ದರೆ ನಾಲ್ಕು ಸಲ ಕುಣಿದು ನಿಲ್ಲುತ್ತಿತ್ತು. ಹಿಂದೆ ಕೂತವನು ಇಡ್ಲಿ ವಾಪಸ್ ಬರುತ್ತದೆ ಅಂತ ಕೂಗಾಡುತ್ತಿದ್ದ. ನಾವು ಅದನ್ನು ಸ್ಪೋರ್ಟ್ಸ್ ಕಾರಿನ ಲಕ್ಷಣ ಅಂದುಕೊಂಡೆವು. ಇಳಿಯುವಾಗ ಒಂದು ತಿರುವಿನಲ್ಲಿ 'ಟಣ್' ಅಂತು. ಎಡಗಡೆ ಮುಂದಿನ ಮೂಲೆ ಕುಸಿಯಿತು. ವೆಲ್ಡ್ ಬಿಟ್ಟು ರಿಂಗ್ ಕೆಳಕ್ಕೆ ಜಾರಿ, ಅದರ ಅಂಚು ಟಯರಿಗೆ ತಾಗಿ ಕೊಯ್ದುಬಿಟ್ಟಿತ್ತು. ವೇಗ ಇಪ್ಪತ್ತೋ ಇಪ್ಪತ್ತೈದೋ ಇದ್ದಿರಬೇಕು. ಹೈವೇಯಲ್ಲಿ ಆಗಿದ್ದರೆ ಇವತ್ತು ಈ ಮಾತು ಹೇಳಲು ನಾನು ಇಲ್ಲಿ ನಿಂತಿರುತ್ತಿದ್ದೆನೋ ಇಲ್ಲವೋ.

ಆಮೇಲೆ ಬಿಚ್ಚಿ ನೋಡಿದೆ. ವೆಲ್ಡ್ ಮೇಲಿನಿಂದ ಅಚ್ಚುಕಟ್ಟಾಗಿತ್ತು. ರಿಂಗನ್ನು ಚೆನ್ನಾಗಿ ಹಿಡಿದಿತ್ತು. ಸ್ಟ್ರಟ್‌ನ ಕೊಳವೆಯನ್ನು ಹಿಡಿದೇ ಇರಲಿಲ್ಲ. ಕೊಳವೆ ತೆಳು, ರಿಂಗ್ ದಪ್ಪ. ತೂತು ಬೀಳುತ್ತದೆ ಅನ್ನುವ ಹೆದರಿಕೆಯಿಂದ ಕರೆಂಟ್ ಕಮ್ಮಿ ಇಟ್ಟಿದ್ದೆ. ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಒಳಗೆ ಎಣ್ಣೆ ಇರುವ ಸ್ಟ್ರಟ್‌ಗೆ ವೆಲ್ಡಿಂಗ್ ಮಾಡುವುದೇ ಅಪಾಯ. ಗ್ಯಾಸ್ ಶಾಕ್ ಆದರೆ ಒಳಗೆ ಒತ್ತಡದಲ್ಲಿ ನೈಟ್ರೋಜನ್ ಇರುತ್ತದೆ. ಅದಕ್ಕೆ ಗ್ರೈಂಡರ್ ಇಡುವುದು, ಬೆಂಕಿ ತೋರಿಸುವುದು ಎರಡೂ ಬೇಡ. ನಾನು ಎಣ್ಣೆ ತುಂಬಿದ ಸ್ಟ್ರಟ್‌ಗೇ ವೆಲ್ಡ್ ಮಾಡಿದ್ದೆ. ಅವತ್ತು ಏನೂ ಆಗಲಿಲ್ಲ ಅನ್ನುವುದು ನನ್ನ ಜಾಣತನ ಅಲ್ಲ.

ಆ ದಿನದಿಂದ ಯಾವ ಭಾಗ ಕೈಗೆತ್ತಿಕೊಂಡರೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಮುರಿದರೆ ಚಕ್ರ ಎಲ್ಲಿಗೆ ಹೋಗುತ್ತದೆ? ಮ್ಯಾಕ್‌ಫರ್ಸನ್ ಸ್ಟ್ರಟ್ ಬರೀ ಶಾಕ್ ಅಲ್ಲ. ಚಕ್ರವನ್ನು ನೆಟ್ಟಗೆ ಹಿಡಿದಿರುವ ಕಂಬವೂ ಅದೇ. ಬ್ರೇಕ್ ಹಿಡಿದಾಗ, ತಿರುವಿನಲ್ಲಿ ವಾಲಿದಾಗ ಅದನ್ನು ಬಗ್ಗಿಸುವ ಬಲ ಬೀಳುತ್ತದೆ. ಅದಕ್ಕೇ ಅದರ ರಾಡ್ ಸಾಮಾನ್ಯ ಶಾಕ್‌ನ ರಾಡ್‌ಗಿಂತ ಅಷ್ಟು ದಪ್ಪ. ಹಾಗಾಗಿ ಸ್ಟ್ರಟ್‌ನ ಕೊಳವೆ, ನಕಲ್‌ಗೆ (ಚಕ್ರದ ಹಬ್ ಹಿಡಿದಿರುವ ತುಂಡಿಗೆ) ಬೋಲ್ಟ್ ಆಗುವ ಬ್ರಾಕೆಟ್, ಶಾಕ್‌ನ ಒಳಭಾಗ, ಇವನ್ನು ಶೆಡ್ಡಿನಲ್ಲಿ ಮಾಡಬೇಡಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಒಳ್ಳೆಯ ವೆಲ್ಡರ್ ಇದ್ದರೂ ಸರಿ. ವೆಲ್ಡ್ ಒಳಗೆ ಬಿರುಕಿದೆಯಾ ಅಂತ ಪರೀಕ್ಷೆ ಮಾಡುವ ಅನುಕೂಲ ನಮ್ಮ ಹತ್ತಿರ ಇಲ್ಲ. ಶಾಕ್ ಎಷ್ಟು ಹಿಡಿಯುತ್ತದೆ ಅಂತ ಅಳೆಯಲು ಡೈನೊ ಅನ್ನುವ ಮಷೀನ್ ಬೇಕು, ಅದೂ ಇಲ್ಲ. ಅಂಗಡಿಯಿಂದ ತಂದ ಶಾಕ್‌ನ ನಾಬ್ ಕಟಕಟ ತಿರುಗುತ್ತದೆ ನಿಜ. ಎಷ್ಟೋ ಸೆಟ್‌ಗಳಲ್ಲಿ ಅದು ಮುಖ್ಯವಾಗಿ ಬದಲಾಯಿಸುವುದು ಶಾಕ್ ವಾಪಸ್ ಚಾಚಿಕೊಳ್ಳುವ ವೇಗವನ್ನು ಮಾತ್ರ. ಮೂವತ್ತು ಕ್ಲಿಕ್ ಇದ್ದರೆ ಮೂವತ್ತು ತರಹದ ಕಾರು ಸಿಗಲ್ಲ.

ಸ್ಪ್ರಿಂಗ್ ಮಾಡಿಸಬಹುದು. ಮಾಡಬಾರದು, ಮಾಡಿಸಬಹುದು. ಕಂಬಿಯ ದಪ್ಪ, ಸುತ್ತಿನ ಅಗಲ, ಕೆಲಸ ಮಾಡುವ ಸುತ್ತುಗಳ ಸಂಖ್ಯೆ, ಉದ್ದ ಹೇಳಿದರೆ ಸುತ್ತಿಕೊಡುವವರು ಬೆಂಗಳೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಸಿಗುತ್ತಾರೆ. ಆದರೆ ಲೆಕ್ಕ ನಿಮ್ಮದೇ ಆಗಿರಬೇಕು. ಕಂಬಿ 12 ಮಿ.ಮೀ. ಇದ್ದಿದ್ದು 13 ಆದರೆ ಎಷ್ಟು ಗಡಸಾಗುತ್ತದೆ ಹೇಳಿ? ಯಾರೋ 8 ಪರ್ಸೆಂಟ್ ಅಂದರು. ಅಲ್ಲ, 38 ಪರ್ಸೆಂಟ್. ದಪ್ಪದ ನಾಲ್ಕನೇ ಘಾತ ಹಿಡಿಯಬೇಕು ಅಲ್ಲಿ, ಅಂದರೆ 13/12ನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಬೇಕು. ವರ್ನಿಯರ್ ಹಿಡಿಯುವಾಗ ಪೇಂಟ್ ಕೆರೆದು ಅಳೆಯಿರಿ ಅಂತ ನಾನು ಬಡಕೊಳ್ಳುವುದು ಇದಕ್ಕೇ.

ಕಂಪನಿ ಸ್ಪ್ರಿಂಗ್‌ನ ಒಂದು ಸುತ್ತು ಕತ್ತರಿಸುವ ಬುದ್ಧಿವಂತರೂ ಇದ್ದಾರೆ. ಆರು ಸುತ್ತು ಐದಾದರೆ 20 ಪರ್ಸೆಂಟ್ ಗಡಸಾಗುತ್ತದೆ, ಅದು ಲೆಕ್ಕ. ಆದರೆ ಗ್ಯಾಸ್ ಕಟರ್ ಹಿಡಿದರೆ ಆ ಜಾಗದ ಹದ ಹೋಗುತ್ತದೆ. ಕತ್ತರಿಸಿದ ತುದಿ ತಟ್ಟೆಯ ಮೇಲೆ ಸರಿಯಾಗಿ ಕೂರಲ್ಲ. ಜಾಕ್ ಹಾಕಿದಾಗ ಸಡಿಲ ಬಿಟ್ಟು ಜಾರುತ್ತದೆ. ಇನ್ನು ಹೊಳೆಯಲಿ ಅಂತ ಸ್ಪ್ರಿಂಗ್‌ಗೆ ಕ್ರೋಮ್ ಹಾಕಿಸುವವರು. ಆಸಿಡ್‌ನಲ್ಲಿ, ಪ್ಲೇಟಿಂಗ್ ತೊಟ್ಟಿಯಲ್ಲಿ ಹೈಡ್ರೋಜನ್ ಉಕ್ಕಿನೊಳಕ್ಕೆ ಸೇರುತ್ತದೆ. ತಕ್ಷಣ ಒಲೆಯಲ್ಲಿಟ್ಟು ಗಂಟೆಗಟ್ಟಲೆ ಕಾಯಿಸಿ ಅದನ್ನು ಓಡಿಸದಿದ್ದರೆ ಸ್ಪ್ರಿಂಗ್ ಕಾರು ನಿಂತಲ್ಲೇ ಮುರಿಯಬಹುದು.

ಹಾಗಾದರೆ ನಾವೇ ಮಾಡುವುದು ಏನೂ ಇಲ್ವಾ? ಇದೆ. ಸ್ವಿಫ್ಟ್ ತರಹದ ಕಾರುಗಳ ಹಿಂಭಾಗ ನೋಡಿ. ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಬೀಮ್‌ಗೂ ಬಾಡಿಗೂ ಮಧ್ಯೆ ಸ್ಪ್ರಿಂಗ್ ಸುಮ್ನೆ ಕೂತಿರುತ್ತದೆ. ಅಲ್ಲಿ ಎತ್ತರ ಬದಲಾಯಿಸುವ ತಟ್ಟೆ ಮಾಡುವುದು ಲೇತ್ ಗೊತ್ತಿರುವವನ ಕೈಲಿ ಆಗುವ ಕೆಲಸ. ಮೇಲಿಂದ ಒತ್ತುವ ಭಾರ ಮಾತ್ರ, ಬಗ್ಗಿಸುವ ಬಲ ಅಷ್ಟಿಲ್ಲ. ವೆಲ್ಡಿಂಗ್ ಬೇಡ. ಚಕ್ರವನ್ನು ಹಿಡಿದಿರುವುದು ಬೀಮ್, ನಿಮ್ಮ ತಟ್ಟೆ ಅಲ್ಲ. ಎರಡು ಎಚ್ಚರ. ಜಾಕ್ ಹಾಕಿ ಚಕ್ರ ಪೂರ್ತಿ ಇಳಿಬಿಟ್ಟಾಗಲೂ ಸ್ಪ್ರಿಂಗ್ ಸಡಿಲ ಆಗಿ ಹೊರಗೆ ಬರಬಾರದು. ಮತ್ತೆ ರಿಂಗ್, ಕೊಳವೆ ಎರಡನ್ನೂ ಅಲ್ಯೂಮಿನಿಯಂನಲ್ಲಿ ಮಾಡಿದರೆ ನಮ್ಮ ಕೆಂಪು ಧೂಳು ಥ್ರೆಡ್‌ನಲ್ಲಿ ಸೇರಿ ಕಚ್ಚಿಕೊಂಡುಬಿಡುತ್ತದೆ. ಆರು ತಿಂಗಳಾದ ಮೇಲೆ ಹುಕ್ ಸ್ಪ್ಯಾನರ್ ಹಾಕಿದರೆ ಸ್ಪ್ಯಾನರ್ ಬಾಗುತ್ತದೆ, ರಿಂಗ್ ಅಲ್ಲಾಡಲ್ಲ. ಆಗ ನಿಮ್ಮ ಅಡ್ಜಸ್ಟ್ ಆಗುವ ಸಸ್ಪೆನ್ಷನ್ ಅಡ್ಜಸ್ಟ್ ಆಗುವುದಿಲ್ಲ!

ಎಷ್ಟು ಇಳಿಸಬೇಕು ಅನ್ನುವುದು ಇನ್ನೊಂದು ಜಗಳ. ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಲೆಕ್ಕದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, ಗಂಟೆಗೆ 25 ಕಿ.ಮೀ. ವೇಗಕ್ಕೆ ಮಾಡಿದ್ದು. ನಮ್ಮ ಹಳ್ಳಿಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪ್‌ಗಳು ಆ ಪುಸ್ತಕ ಓದಿಲ್ಲ. ನೆಲದಿಂದ 16-17 ಸೆಂ.ಮೀ. ಇರುವ ಕಾರನ್ನು 4 ಸೆಂ.ಮೀ. ಇಳಿಸಿ, ಐದು ಜನ ಕೂರಿಸಿ, ಗುಬ್ಬಿ ಕಡೆಯ ಹಳ್ಳಿಗಳಲ್ಲಿ ಒಂದು ಸುತ್ತು ಹೋಗಿ ಬನ್ನಿ.

ಇಳಿಸಿದರೆ ತಿರುವಿನಲ್ಲಿ ಕಾರು ಕಮ್ಮಿ ವಾಲುತ್ತದೆ ಅಂತ ಹೇಳುವುದೂ ಅರ್ಧ ಸತ್ಯ. ಸ್ಟ್ರಟ್ ಇರುವ ಕಾರನ್ನು ಇಳಿಸಿದಾಗ ಲೋವರ್ ಆರ್ಮ್‌ನ ಹೊರತುದಿ ಮೇಲಕ್ಕೆ ಎದ್ದು ನಿಲ್ಲುತ್ತದೆ. ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಬಾಡಿಗಿಂತ ಜಾಸ್ತಿ ಕೆಳಗಿಳಿಯುತ್ತದೆ. ಇವೆರಡರ ನಡುವಿನ ಅಂತರವೇ ವಾಲಿಸುವ ಸನ್ನೆಕೋಲು. ಅದು ಉದ್ದ ಆಯಿತು. ಸ್ಪ್ರಿಂಗ್ ಗಡಸು ಮಾಡದೆ ಬರೀ ಇಳಿಸಿದರೆ ವಾಲುವುದು ಹೆಚ್ಚೇ ಆಗಬಹುದು. ಟೋ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು), ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು) ಎರಡೂ ಬದಲಾಗಿರುತ್ತವೆ. ಪ್ರತಿ ಸಲ ರಿಂಗ್ ತಿರುಗಿಸಿದಾಗಲೂ ಅಲೈನ್‌ಮೆಂಟ್ ಮಾಡಿಸಬೇಕು. ಆ ಖರ್ಚನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ.

ಕಾನೂನಿನ ಮಾತು ಎರಡೇ ವಾಕ್ಯದಲ್ಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಇದೆ. ಅಪಘಾತ ಆದಾಗ ಇನ್ಶೂರೆನ್ಸ್‌ನವರು ನಿಮ್ಮ ಥ್ರೆಡ್ ಹಾಕಿದ ಕೊಳವೆಯ ಫೋಟೋ ತೆಗೆದುಕೊಂಡರೆ ವಾದ ಮಾಡುವುದು ಕಷ್ಟ. ಮೂರು ವಾಕ್ಯ ಆಯಿತು, ಇರಲಿ. ಟ್ರ್ಯಾಕ್‌ಗೆ ಟ್ರೈಲರ್ ಮೇಲೆ ಹೋಗುವ ಕಾರು ಅಂದರೆ ಕತೆ ಬೇರೆ. ನಾನು ಮಾಡಿ ಕಲಿಯಿರಿ ಅನ್ನುವುದು ಅಂಥ ಕಾರಿಗೆ.

ಆ ಹುಡುಗನ ಕತೆ ಅರ್ಧಕ್ಕೆ ಬಿಟ್ಟೆ. ವೇಬ್ರಿಜ್‌ಗೆ ಹೋಗಿ ಬಾ ಅಂತ ಕಳಿಸಿದೆ. ಮುಖ ಸಪ್ಪೆ ಮಾಡಿಕೊಂಡು ಹೋದ, ಇನ್ನು ಬರಲ್ಲ ಅಂದುಕೊಂಡೆ. ಎರಡು ದಿನ ಬಿಟ್ಟು ಚೀಟಿ ಹಿಡಿದು ಬಂದ. ಮುಂದೆ 540, ಹಿಂದೆ 330. ಕಾರನ್ನು ರ್‍ಯಾಂಪ್‌ಗೆ ಹಾಕಿ ಇಬ್ಬರೂ ನೋಡಿದೆವು. ಹಿಂದಿನ ಬಲಗಡೆ ಶಾಕ್ ಎಣ್ಣೆ ಸೋರಿ ಒಣಗಿತ್ತು. ಲೋವರ್ ಆರ್ಮ್‌ನ ಬುಷ್‌ಗಳು ಹರಿದಿದ್ದವು. "ತೊಂದ್ರೆ ಏನಿಲ್ಲ" ಅಂದಿದ್ದನಲ್ಲ, ಅಭ್ಯಾಸ ಆಗಿಹೋಗಿತ್ತು ಅವನಿಗೆ. ಹಿಂದಿನ ಶಾಕ್ ಎರಡೂ, ಬುಷ್‌ಗಳು ಎಲ್ಲ ಕಂಪನಿಯದೇ ಹಾಕಿ ಅಲೈನ್‌ಮೆಂಟ್ ಮಾಡಿಸಿದೆವು. ಓಡಿಸಿಕೊಂಡು ಬಂದು, "ಅಣ್ಣ, ಇದು ಬೇರೆ ಕಾರು" ಅಂದ. ಒಂದು ನಿಮಿಷ ಸುಮ್ಮನಿದ್ದು, "ಆದ್ರೂ ಆ ಗ್ಯಾಪು..." ಅಂದ.

ಹಿಂದಿನ ತಟ್ಟೆಯ ಡ್ರಾಯಿಂಗ್ ಈಗ ಅವನೇ ಬರೆಯುತ್ತಿದ್ದಾನೆ. ಎರಡು ಸಲ ತಪ್ಪು ಮಾಡಿದ, ಎರಡೂ ಸಲ ಪೇಪರ್ ಮೇಲೆ. ಈ ಶನಿವಾರ ಮೂರನೆಯದನ್ನು ನೋಡುತ್ತೇವೆ. ಬೇಕಾದವರು ನೀವೂ ಬನ್ನಿ. ಬರುವಾಗ ನಿಮ್ಮ ಕಾರಿನ ವೇಬ್ರಿಜ್ ಚೀಟಿ ತನ್ನಿ, ಇಲ್ಲದಿದ್ದರೆ ಟೀ ಕುಡಿಸಿ ವಾಪಸ್ ಕಳಿಸುತ್ತೇನೆ.